ರೌಟರ್ ಟೇಬಲ್ ಫೆನ್ಸು: ಆರು ತಿಂಗಳು ಬೈದ ಮೇಲೆ ಬರೀತಿರೋ ರಿವ್ಯೂ

ಇದು ಮರದ ಕೆಲಸದ ರೌಟರ್ ವಿಷಯ, ವೈಫೈದಲ್ಲ. ಬಿಟ್ ಅನ್ನೋ ಹಲ್ಲನ್ನ ಜೋರಾಗಿ ತಿರುಗಿಸಿ ಮರಕ್ಕೆ ಗ್ರೂವು, ಅಂಚಿಗೆ ಡಿಸೈನು ಹೊಡೆಯೋ ಮೆಷಿನ್ನು. ನಾನು ಕಾರ್ಪೆಂಟರ್ ಅಲ್ಲ, ವಾರಪೂರ್ತಿ ಕಂಪ್ಯೂಟರ್ ಮುಂದೆ ಕೂತಿದ್ದು ಶನಿವಾರ ಭಾನುವಾರ ಮನೆ ಕೆಳಗೆ ಕಾರ್ ನಿಲ್ಲಿಸೋ ಜಾಗದಲ್ಲಿ ಮರ ಕುಯ್ಯೋನು (ಕಾರು ಬೀದೀಲಿ ಬಿಸಿಲು ಕಾಯ್ತಿರತ್ತೆ, ಅದಕ್ಕೆ ಮನೇಲಿ ಬೇರೆ ಪಂಚಾಯ್ತಿ). ದೇವರಮನೆಗೆ ತೇಗದ ಜೋಡಿ ಕದ ನಾನೇ ಮಾಡ್ತೀನಿ ಅಂತ ಜಂಬದಲ್ಲಿ ಮಾತು ಕೊಟ್ಟುಬಿಟ್ಟೆ, ಅದೂ ಗೌರಿ ಹಬ್ಬದೊಳಗೆ ಅಂತ. ಕದದ ಚೌಕಟ್ಟಿನ ಪಟ್ಟಿಗಳಿಗೆ ಒಳ ಅಂಚಲ್ಲಿ ಡಿಸೈನು, ಅದರ ಜೊತೆಗೇ ಪ್ಯಾನೆಲ್ ಕೂರೋಕೆ ಗ್ರೂವು, ಎರಡನ್ನೂ ಒಟ್ಟಿಗೆ ಹೊಡೆಯೋ ಬಿಟ್ ಸೆಟ್ ಬರತ್ತೆ. ಒಂದು ಬಿಟ್ ಅಂಚಿಗೆ, ಇನ್ನೊಂದು ಅಡ್ಡಪಟ್ಟಿಯ ತುದಿಗೆ, ಎರಡೂ ಸೇರಿದ್ರೆ ಬೀಗ ಬಿದ್ದಂಗೆ ಕೂರತ್ತೆ. ನನ್ನ ಸೆಟ್ಟಲ್ಲಿ ಬಿಟ್ಟುಗಳು 41 ಎಂಎಂ ವ್ಯಾಸದವು, ಅವನ್ನ ಕೈಯಲ್ಲಿ ಹಿಡ್ಕೊಂಡು ಓಡಿಸೋ ಮಾತೇ ಇಲ್ಲ, ರೌಟರನ್ನ ತಲೆಕೆಳಗಾಗಿ ಟೇಬಲ್ಲಿಗೆ ನೇತುಹಾಕಬೇಕು, ಮರ ಒರಗಿಸಿ ತಳ್ಳೋಕೆ ಒಂದು ಫೆನ್ಸ್ ಇರಬೇಕು.

ಅಲ್ಲಿವರೆಗೂ ನನ್ನ ಫೆನ್ಸು ಅಂದ್ರೆ ನೆಟ್ಟಗಿರೋ ಒಂದು ರೀಪು, ಎರಡು ಸಿ ಕ್ಲ್ಯಾಂಪು. ಈ ಸಲ ಪ್ರಿಸಿಷನ್ ಅಂತ ಬರೆದಿದ್ದ ಅಲ್ಯೂಮಿನಿಯಂ ಫೆನ್ಸ್ ಆನ್‌ಲೈನಲ್ಲಿ ತರಿಸಿದೆ. ಬ್ರಾಂಡ್ ಹೆಸರು ಹೇಳಲ್ಲ, ಹೇಳಿದ್ರೂ ಪ್ರಯೋಜನ ಇಲ್ಲ, ಅದೇ ಸಾಮಾನನ್ನ ನಾಲ್ಕು ಹೆಸರಲ್ಲಿ ನಾಲ್ಕು ರೇಟಿಗೆ ಮಾರ್ತಿದಾರೆ. 75 ಎಂಎಂ ಎತ್ತರ, 800 ಎಂಎಂ ಉದ್ದ, ಮುಂದಿನ ಮುಖ ಎರಡು ಭಾಗ, ಮಧ್ಯೆ ಬಿಟ್ಟಿಗೆ ಜಾಗ, ಹಿಂದೆ ಧೂಳಿನ ಪೈಪಿಗೆ ಬಾಯಿ, ಟಿ ಬೋಲ್ಟು, ಪ್ಲಾಸ್ಟಿಕ್ ನಾಬು, ಅಂಟಿಸೋ ಅಳತೆಪಟ್ಟಿ. ಒಂಬತ್ತು ಸಾವಿರ ಚಿಲ್ಲರೆ ಕೊಟ್ಟೆ. ಮನೇಲಿ ಮೂರು ಸಾವಿರ ಅಂತ ಹೇಳಿದೀನಿ.

ನೋಡೋಕೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಕಪ್ಪು ಆನೊಡೈಸಿಂಗ್, ಅಂಚು ಕೈಗೆ ಚುಚ್ಚಲ್ಲ. ಸಂಜೆ ಫಿಟ್ ಮಾಡಿ ಒಂದು ವೇಸ್ಟ್ ತುಂಡು ಓಡಿಸಿದೆ, ಸೂಪರ್. ಮಾರನೇ ದಿನ ನಿಜವಾದ ತೇಗದ ಪಟ್ಟಿ ಓಡಿಸಿದ್ರೆ ಕೊನೇ ಮೂರಿಂಚಲ್ಲಿ ಡಿಸೈನಿನ ಗೆರೆ ದಡಕ್ ಅಂತ ಒಳಗೆ ಇಳಿದಿದೆ. ಇನ್ನೊಂದು ಓಡಿಸಿದೆ, ಅಲ್ಲೂ ಅದೇ ಜಾಗ. ತೇಗದ ರೇಟ್ ಗೊತ್ತಿರೋರಿಗೆ ಆ ಕ್ಷಣದಲ್ಲಿ ಹೊಟ್ಟೇಲಿ ಏನಾಗತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಯಾಕೆ ಹಂಗಾಯ್ತು ಅಂದ್ರೆ, ಮರ ಬಲಗಡೆಯಿಂದ ಎಡಗಡೆಗೆ ಹೋಗತ್ತೆ, ಮೊದಲು ಬಲಭಾಗದ ಮುಖಕ್ಕೆ ಒರಗಿರತ್ತೆ, ಬಿಟ್ ದಾಟಿದ ಮೇಲೆ ಎಡಭಾಗಕ್ಕೆ. ಎರಡೂ ಒಂದೇ ಗೆರೆಯಲ್ಲಿ ಇರಬೇಕು. ಎಡಭಾಗ ಒಂಚೂರು ಹಿಂದೆ ಇದ್ರೆ ಮರದ ಬಾಲ ಬಲಭಾಗ ಬಿಟ್ಟ ಕೂಡ್ಲೆ ಹಿಂದಕ್ಕೆ ಜರುಗತ್ತೆ, ಬಿಟ್ ಜಾಸ್ತಿ ತಿನ್ನತ್ತೆ. ಮುಂದೆ ಇದ್ರೆ ಮರದ ಮೂತಿ ಅಲ್ಲಿಗೆ ಹೋಗಿ ತಗುಲಿ ನಿಂತ್ಬಿಡತ್ತೆ. ಸ್ಟೀಲ್ ಪಟ್ಟಿ ಅಡ್ಡ ಇಟ್ಟು, ಬೈಕಿನ ಟ್ಯಾಪೆಟ್ ಸೆಟ್ ಮಾಡೋ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಸ್ಟೀಲ್ ಎಲೆಗಳ ಕಟ್ಟು) ತೂರಿಸಿ ನೋಡಿದೆ, 0.3 ಎಂಎಂ ಎಲೆ ಆರಾಮಾಗಿ ಹೋಯ್ತು. ಪ್ರಿಸಿಷನ್ ಅಂತೆ! ಎಡಭಾಗದ ಮುಖದ ಹಿಂದೆ ಒಂದು ಹಳೇ ವಿಸಿಟಿಂಗ್ ಕಾರ್ಡ್ ಕತ್ತರಿಸಿ ಇಟ್ಟೆ, ಸರಿಹೋಯ್ತು. ಆರು ತಿಂಗಳಾಯ್ತು, ನನ್ನ ಹಳೇ ಕಂಪನಿ ಮ್ಯಾನೇಜರ್ ಕಾರ್ಡು ಇನ್ನೂ ಅಲ್ಲೇ ಕೂತು ಕೆಲಸ ಮಾಡ್ತಿದೆ.

ಆಮೇಲೆ ಬಂದಿದ್ದು ಅಸಲಿ ತಲೆನೋವು. ಅಳತೆ ಕರೆಕ್ಟಾಗಿ ಇಟ್ಟು ನಾಬ್ ಬಿಗಿ ಮಾಡಿದ್ರೆ ಕಟ್ ಬೇರೆ ಕಡೆ ಬೀಳತ್ತೆ, ಪ್ರತಿ ಸಲ ಬೇರೆ ಬೇರೆ. ನನ್ನ ಭಾವಮೈದ ಪೀಣ್ಯದಲ್ಲಿ ಒಂದು ಮೆಷಿನ್ ಶಾಪಲ್ಲಿ ಇದಾನೆ, ಊಟಕ್ಕೆ ಬಂದಿದ್ದವನನ್ನ ಊಟಕ್ಕೂ ಬಿಡದೆ ಕೆಳಗೆ ಕರ್ಕೊಂಡು ಹೋಗಿ ತೋರಿಸಿದೆ. ಮುಂದಿನ ವಾರ ಡಯಲ್ ಗೇಜು (ಕೂದಲೆಳೆ ಅಲುಗಾಟಾನೂ ಮುಳ್ಳಲ್ಲಿ ತೋರಿಸೋದು), ಅದನ್ನ ನಿಲ್ಲಿಸೋ ಮ್ಯಾಗ್ನೆಟಿಕ್ ಬೇಸು ಎರಡೂ ಹಿಡ್ಕೊಂಡು ಬಂದ. ಬೇಸನ್ನ ರೌಟರ್ ನೇತುಹಾಕಿರೋ ಪ್ಲೇಟ್ ಮೇಲೆ ಇಟ್ರೆ ಹಿಡಿಯಲ್ಲ, ಅದು ಅಲ್ಯೂಮಿನಿಯಂ. ಕೊನೆಗೆ ಅಮ್ಮನ ಹಳೇ ಕಬ್ಬಿಣದ ದೋಸೆಕಲ್ಲು ತಂದು ಟೇಬಲ್ ಮೇಲೆ ಇಟ್ಟು ಅದರ ಮೇಲೆ ಬೇಸ್ ಕೂರಿಸಿದ್ವಿ (ತೊಳೆದು ವಾಪಸ್ ಇಟ್ಟಿದೀನಿ). ಗೇಜಿನ ಮೂತಿ ಫೆನ್ಸಿಗೆ ತಾಗಿಸಿ ಸೊನ್ನೆ ಮಾಡಿ ಅವನು "ಈಗ ಬಿಗಿ ಮಾಡಿ ಭಾವ" ಅಂದ. ಬಲಗಡೆ ನಾಬ್ ತಿರುಗಿಸ್ತಾ ಇದೀನಿ, ಮುಳ್ಳು ಮೆಲ್ಲಗೆ ಒಂದು ಗೆರೆ, ಎರಡು ಗೆರೆ, ಕೊನೇ ಅರ್ಧ ಸುತ್ತಲ್ಲಿ ಸರ್ರ್ ಅಂತ ಹದಿನೆಂಟು ಗೆರೆಗೆ ಹೋಗಿ ನಿಂತ್ಕೊಂಡ್ತು. ಒಂದು ಗೆರೆ ಅಂದ್ರೆ 0.01 ಎಂಎಂ, ಅಲ್ಲಿಗೆ 0.18. ಎಡಗಡೆ ಬಿಗಿ ಮಾಡಿದ್ರೆ ಮತ್ತೆ ಇನ್ನೊಂದಿಷ್ಟು. ಅಂದ್ರೆ ನಾನು ಕಣ್ಣು ಕಿರಿದು ಮಾಡ್ಕೊಂಡು ಇಡ್ತಿದ್ದ ಅಳತೇನೆಲ್ಲ ನಾಬೇ ತಿಂತಾ ಇತ್ತು.

ಕಾರಣ ಅವನು ನೋಡಿದ ತಕ್ಷಣ ಹೇಳಿದ. ನಾಬಿನ ತಳ ನೇರವಾಗಿ ಫೆನ್ಸಿನ ಕಾಲಿನ ಮೇಲೆ ಕೂತು ತಿರುಗ್ತಾ ತಿರುಗ್ತಾ ಅದನ್ನೂ ಎಳ್ಕೊಂಡು ಹೋಗತ್ತೆ, ಜೊತೆಗೆ ಟಿ ಬೋಲ್ಟಿನ ತಲೆ ಗಾಡಿಯಲ್ಲಿ (ಅದು ಜಾರೋ ಉದ್ದ ಗ್ರೂವು) ಲೂಸ್. ಪರಿಹಾರ ಎರಡು ರೂಪಾಯಿದು: ನಾಬಿನ ಕೆಳಗೆ ಒಂದು ಸ್ಟೀಲ್ ವಾಷರ್ರು, ಅದರ ಕೆಳಗೆ ಒಂದು ನೈಲಾನ್ ವಾಷರ್ರು. ತಿರುಗೋದೆಲ್ಲ ವಾಷರ್ ಮಧ್ಯದಲ್ಲೇ ಮುಗಿಯತ್ತೆ, ಫೆನ್ಸಿಗೆ ಒತ್ತಡ ಮಾತ್ರ ಹೋಗತ್ತೆ. ಆಮೇಲೆ ಒಂದೇ ಕಡೆ ಪೂರ್ತಿ ಬಿಗಿ ಮಾಡೋದು ಬಿಟ್ಟು ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ, ಕಾರಿನ ಚಕ್ರದ ನಟ್ ಹಾಕೋ ಹಂಗೆ. ಈಗ ಮುಳ್ಳು ಮೂರು ಗೆರೆ ಅಲ್ಲಾಡತ್ತೆ ಅಷ್ಟೆ.

ಆದ್ರೆ ಅವನು ಇನ್ನೊಂದು ಮಾತು ಹೇಳಿದ, ಅದು ಸ್ವಲ್ಪ ಉರೀತು. "ಭಾವ, ಟೇಬಲ್ಲೇ ಹಳ್ಳ ಬಿದ್ದಿದೆ, ಫೆನ್ಸಿಗೆ ಯಾಕೆ ಬೈತೀರ?" ನೋಡಿದ್ರೆ ನಿಜ. ನನ್ನ ಟೇಬಲ್ 18 ಎಂಎಂ ಪ್ಲೈವುಡ್ಡು, ಒಂದೇ ಪದರ, ಮೇಲೆ ಮಾತ್ರ ಸನ್‌ಮೈಕಾ. ಆರು ಕೆಜಿ ರೌಟರ್ ಮಧ್ಯದಲ್ಲಿ ವರ್ಷಗಟ್ಲೆ ನೇತಾಡಿದ್ರೆ ಇನ್ನೇನಾಗತ್ತೆ, 0.6 ಎಂಎಂ ತಗ್ಗು. ಫೆನ್ಸ್ ಎಷ್ಟೇ ನೆಟ್ಟಗಿರಲಿ, ಪಟ್ಟಿ ಹಳ್ಳಕ್ಕೆ ಇಳಿದು ಹತ್ತಿದ್ರೆ ಗ್ರೂವು ಮೇಲೆ ಕೆಳಗೆ ಆಗೇ ಆಗತ್ತೆ. ಅದನ್ನ ಕಿತ್ತು ಹಾಕಿ ಎರಡು ಪ್ಲೈ ಅಂಟಿಸಿ 36 ಎಂಎಂ ಮಾಡಿದೆ, ಸನ್‌ಮೈಕಾ ಎರಡೂ ಕಡೆ (ಒಂದೇ ಕಡೆ ಅಂಟಿಸಿದ್ರೆ ಮಳೆಗಾಲದಲ್ಲಿ ಇನ್ನೊಂದು ಕಡೆ ಮಾತ್ರ ತೇವ ಕುಡಿದು ಹಪ್ಪಳದ ಹಂಗೆ ಸೊಟ್ಟಗಾಗತ್ತೆ), ಕೆಳಗೆ ಎರಡು ಎಲ್ ಆ್ಯಂಗಲ್. ಎರಡು ಭಾನುವಾರ ಹೋಯ್ತು. ಗೌರಿ ಹಬ್ಬಾನೂ ಹೋಯ್ತು, ಅದು ಬಿಡಿ.

ಈಗ ಹೊಸದಾಗಿ ತಗೊಳೋರಿಗೆ ನಿಜವಾಗ್ಲೂ ಉಪಯೋಗ ಆಗೋ ವಿಷಯ. ಬಹಳ ಜನ ಫೆನ್ಸನ್ನ ಟೇಬಲ್ ಅಂಚಿಗೆ ಪ್ಯಾರಲಲ್ ಇಡ್ಬೇಕು ಅಂತ ಎರಡೂ ತುದಿ ಅಳೆದು ಅಳೆದು ಸಾಯ್ತಾರೆ, ನಾನೂ ಸತ್ತಿದೀನಿ. ಬೇಕಾಗೇ ಇಲ್ಲ ರೀ. ಬಿಟ್ ದುಂಡಗಿದೆ, ಅದಕ್ಕೆ ಫೆನ್ಸ್ ಯಾವ ದಿಕ್ಕಿಗೆ ತಿರುಗಿದ್ರೂ ಒಂದೇ, ಬಿಟ್ಟಿಗೂ ಫೆನ್ಸಿಗೂ ಎಷ್ಟು ದೂರ ಅನ್ನೋದೊಂದೇ ಲೆಕ್ಕ. ಟೇಬಲ್ಲಿನ ಗಾಡಿಯಲ್ಲಿ ಮೈಟರ್ ಗೇಜ್ (ಮರಾನ ಬೇಕಾದ ಕೋನದಲ್ಲಿ ಹಿಡಿದು ತಳ್ಳೋ ಸಾಧನ) ಓಡಿಸೋದಾದ್ರೆ ಮಾತ್ರ ಪ್ಯಾರಲಲ್ ಬೇಕು. ಅಡ್ಡಪಟ್ಟಿ ತುದಿ ಹೊಡೆಯೋಕೂ ನಾನು ಮೈಟರ್ ಗೇಜ್ ಬಳಸಲ್ಲ, ಮೂಲೆಮಟ್ಟ ಸರಿಯಿರೋ ಒಂದು ಪ್ಲೈ ತುಂಡನ್ನ ಪಟ್ಟಿ ಹಿಂದೆ ಇಟ್ಟು ಎರಡನ್ನೂ ಫೆನ್ಸಿಗೆ ಒರಗಿಸಿ ಒಟ್ಟಿಗೆ ತಳ್ತೀನಿ, ಹಿಂದೆ ಎಳೆ ಕಿತ್ತು ಬರೋದೂ ನಿಲ್ಲತ್ತೆ.

ಇದು ಗೊತ್ತಾದ ಮೇಲೆ ಇನ್ನೊಂದು ಲಾಭ. ಫೆನ್ಸಿನ ಬಲ ತುದಿ ಬಿಗಿ ಮಾಡಿ ಎಡ ತುದಿ ಮಾತ್ರ 1 ಎಂಎಂ ಸರಿಸಿದ್ರೆ, ಮಧ್ಯದಲ್ಲಿರೋ ಬಿಟ್ ಹತ್ರ ಅರ್ಧ ಎಂಎಂ ಮಾತ್ರ ಸರಿಯತ್ತೆ. ಎಡ ತುದಿ ಹಿಂದೆ ಒಂದು ಮರದ ತುಂಡು ಕ್ಲ್ಯಾಂಪ್ ಮಾಡಿ ಅದರೊಳಗೆ ಎಂ6 ಬೋಲ್ಟ್ ಹಾಕಿದೀನಿ, ಮಾಮೂಲಿ ಎಂ6 ಒಂದು ಸುತ್ತಿಗೆ 1 ಎಂಎಂ ಮುಂದೆ ಹೋಗತ್ತೆ. ಕಾಲು ಸುತ್ತು ತಿರುಗಿಸಿದ್ರೆ ತುದೀಲಿ 0.25, ಬಿಟ್ ಹತ್ರ ಅದರ ಅರ್ಧ, ಒಂದು ಮಾಸ್ಕಿಂಗ್ ಟೇಪಿನ ದಪ್ಪದಷ್ಟು. ಕಿಟ್ಟಲ್ಲಿ ಮೈಕ್ರೋ ಅಡ್ಜಸ್ಟ್ ಅಂತ ಕೊಟ್ಟಿರೋ ಪ್ಲಾಸ್ಟಿಕ್ ತಿರುಪು ಇದೆಯಲ್ಲ, ಅದಕ್ಕಿಂತ ನೂರು ಪಾಲು ವಾಸಿ, ಅದು ಎರಡು ಸುತ್ತು ಸುಮ್ನೆ ತಿರುಗಿ ಆಮೇಲೆ ಕೆಲಸ ಶುರು ಮಾಡತ್ತೆ, ಕೆಲವು ಆಫೀಸಿನ ಗುಮಾಸ್ತರ ಹಂಗೆ.

ಅಸಲಿ ಪ್ರಿಸಿಷನ್ ಅಂದ್ರೆ ಹೆಂಗಿರತ್ತೆ ಅಂತ ನೋಡ್ಬೇಕಂದ್ರೆ ಅಮೆರಿಕದ ಇಂಕ್ರಾ ಕಂಪನಿಯವರ ಜಿಗ್ (ಫೆನ್ಸನ್ನ ಅಳತೆಗೆ ಸರಿಸಿ ನಿಲ್ಲಿಸೋ ಸಾಧನ) ನೋಡಿ. ಗರಗಸದ ಹಲ್ಲಿನ ತರ ಪಟ್ಟಿಗಳು, ಇಂಚಿನ 32ನೇ ಒಂದು ಭಾಗಕ್ಕೆ ಒಂದು ಹಲ್ಲು, ಹಲ್ಲಿಗೆ ಹಲ್ಲು ಕಚ್ಚಿ ಕೂರತ್ತೆ, ಎಷ್ಟು ಸಲ ತೆಗೆದು ಹಾಕಿದ್ರೂ ಅದೇ ಜಾಗ. ನಮ್ಮ ಬಡಗಿಗಳು ನೂಲು ಅಂತಾರಲ್ಲ, ಇಂಚಿನ ಎಂಟನೇ ಒಂದು ಭಾಗ, ಅದರಲ್ಲಿ ನಾಲ್ಕು ಹಲ್ಲು ಬರತ್ತೆ. ಡವ್‌ಟೇಲ್ ಜಾಯಿಂಟಿಗೆ (ಪಾರಿವಾಳದ ಬಾಲದ ಆಕಾರದ ಹಲ್ಲುಗಳು ಒಂದಕ್ಕೊಂದು ಕಚ್ಚೋ ಜಾಯಿಂಟು) ಅದು ಬೇಕು, ಯಾಕಂದ್ರೆ ಫೆನ್ಸನ್ನ ಹತ್ತು ಸಲ ಸರಿಸಿ ಹತ್ತೂ ಸಲ ಲೆಕ್ಕಕ್ಕೆ ಸರಿಯಾಗಿ ನಿಲ್ಲಿಸಬೇಕು. ನನ್ನ ಕದದ ಕೆಲಸಕ್ಕೆ ಬೇಡ. ಇಲ್ಲಿ ಫೆನ್ಸ್ ಒಂದು ಸಲ ಕೂತ್ರೆ ಎಲ್ಲಾ ಪಟ್ಟಿ ಮುಗಿಯೋವರೆಗೂ ಅಲ್ಲಾಡಬಾರದು ಅಷ್ಟೆ. ಬಿಟ್ಟಿನ ಬೇರಿಂಗಿಗೆ (ಬಿಟ್ಟಲ್ಲೇ ಇರೋ ಪುಟ್ಟ ಚಕ್ರ) ಸ್ಟೀಲ್ ಸ್ಕೇಲ್ ತಾಗಿಸಿ ಸ್ಕೇಲ್ ಎರಡೂ ಮುಖಕ್ಕೆ ಅಂಟಿ ನಿಲ್ಲೋ ಹಂಗೆ ಫೆನ್ಸ್ ತಂದ್ರೆ ಸೆಟ್ಟಿಂಗ್ ಮುಗೀತು, ಅಳತೆಪಟ್ಟಿ ನೋಡೋ ಪ್ರಮೇಯಾನೇ ಇಲ್ಲ.

ಮುಖ ಟೇಬಲ್ಲಿಗೆ 90 ಡಿಗ್ರಿ ಇದೆಯಾ? ಇಲ್ಲ. ಮೂಲೆಮಟ್ಟ ಇಟ್ರೆ ಮೇಲ್ತುದೀಲಿ ಬೆಳಕು ಕಾಣತ್ತೆ, 75 ಎಂಎಂ ಎತ್ತರಕ್ಕೆ 0.2. ನಾನು ಮಲಗಿಸಿ ಓಡಿಸೋ ಪಟ್ಟಿ 20 ಎಂಎಂ ದಪ್ಪ, ಅಷ್ಟರಲ್ಲಿ 0.05 ವ್ಯತ್ಯಾಸ, ತಲೆ ಕೆಡಿಸ್ಕೊಳಲ್ಲ. ಪ್ಯಾನೆಲ್ ನಿಲ್ಲಿಸಿ ಓಡಿಸೋರು ಫೆನ್ಸಿನ ಕಾಲಿನ ಕೆಳಗೆ ಟೇಪ್ ಹಾಕಿ ಸರಿ ಮಾಡ್ಕೊಳಿ. ಧೂಳಿನ ಬಾಯಿ ಚೆನ್ನಾಗಿದೆ, ಆದ್ರೆ ನಮ್ಮ ಮನೆ ವ್ಯಾಕ್ಯೂಮಿನ ಪೈಪು ಅದರೊಳಗೆ ಲೊಡಲೊಡ, ಪ್ಲಂಬಿಂಗ್ ಅಂಗಡೀಲಿ ಪಿವಿಸಿ ರೆಡ್ಯೂಸರ್ ತಂದು ಹೊಂದಿಸಿದೆ. ಒಂದು ಒಳ್ಳೇದೂ ಹೇಳ್ಬೇಕು, ಎಡಭಾಗದ ಮುಖ ಬೇರೆ ಇರೋದ್ರಿಂದ ಅದರ ಹಿಂದೆ 1 ಎಂಎಂ ಸನ್‌ಮೈಕಾ ತುಂಡು ಇಟ್ಟು, ಬಿಟ್ಟಿನ ಅಂಚಿಗೆ ಆ ಮುಖ ಸಮ ಮಾಡಿದ್ರೆ ಪಟ್ಟಿಯ ಅಂಚು ರಂದಾ ಹೊಡೆದ ಹಂಗೆ ನೆಟ್ಟಗೆ ಬರತ್ತೆ. ರೀಪಿನ ಫೆನ್ಸಲ್ಲಿ ಇದು ಆಗ್ತಿರಲಿಲ್ಲ. ಜಾಯಿಂಟರ್ (ಮರದ ಅಂಚು ನೆಟ್ಟಗೆ ಮಾಡೋ ಮೆಷಿನ್ನು) ಇಲ್ಲದ ನನ್ನಂತೋರಿಗೆ ಇದೊಂದಕ್ಕೇ ಅರ್ಧ ದುಡ್ಡು ವಸೂಲು.

ಎಚ್ಚರಿಕೆ ಎರಡು, ದಯವಿಟ್ಟು ಓದಿ. ಒಂದು, ಪಟ್ಟಿ ತೆಳ್ಳಗೆ ಮಾಡೋಣ ಅಂತ ಬಿಟ್ಟಿಗೂ ಫೆನ್ಸಿಗೂ ಮಧ್ಯೆ ಮರ ತೂರಿಸ್ಬೇಡಿ. ನಾನು ತೂರಿಸಿದೆ. ಬಿಟ್ಟಿನ ಆ ಕಡೆ ಹಲ್ಲು ನಾವು ತಳ್ಳೋ ದಿಕ್ಕಿಗೇ ತಿರುಗ್ತಿರತ್ತೆ, ಮರಾನ ಕಿತ್ಕೊಂಡು ಎಸೆದುಬಿಡತ್ತೆ. ಎರಡಡಿ ಪಟ್ಟಿ ಕೈಯಿಂದ ಹೋಗಿದ್ದೇ ಗೊತ್ತಾಗಲಿಲ್ಲ, ಗೇಟಿಗೆ ಬಡಿದ ಸದ್ದಿಗೆ ಎದುರುಮನೆ ಅಜ್ಜಿ ಆಚೆ ಬಂದು "ಏನಪ್ಪಾ ಅದು ಪಟಾಕಿ" ಅಂದ್ರು. ಎರಡು, ಕಾಲೆಟ್ (ರೌಟರಲ್ಲಿ ಬಿಟ್ಟಿನ ಕಡ್ಡೀನ ಹಿಡಿಯೋ ಬಾಯಿ) ನೋಡಿ ಬಿಟ್ ತಗೊಳಿ. ಅರ್ಧ ಇಂಚಿನ ಕಡ್ಡಿ ಅಂದ್ರೆ 12.7 ಎಂಎಂ, ಇಲ್ಲಿ 12 ಎಂಎಂ ಕಾಲೆಟ್ಟಿನ ರೌಟರ್ರೂ ಸಿಗತ್ತೆ, ಅದರೊಳಗೆ ಹೋಗಲ್ಲ. ಉಲ್ಟಾ ಕೇಸ್ ಇನ್ನೂ ಡೇಂಜರ್, 6 ಎಂಎಂ ಕಡ್ಡಿಯ ಬಿಟ್ಟನ್ನ ಕಾಲಿಂಚು ಅಂದ್ರೆ 6.35 ಕಾಲೆಟ್ಟಿಗೆ ಹಾಕಿ ಬಿಗಿ ಮಾಡಿದ್ರೆ ಹಿಡಿದಂಗೆ ಕಾಣತ್ತೆ, ಓಡ್ತಾ ಓಡ್ತಾ ಮೇಲಕ್ಕೆ ಬರತ್ತೆ. 41 ಎಂಎಂ ಬಿಟ್ ಆದ್ರೆ ಸ್ಪೀಡ್ ನಿಮಿಷಕ್ಕೆ 18000 ಸುತ್ತಿನ ಮೇಲೆ ಬೇಡ.

ಐದಕ್ಕೆ ಎಷ್ಟು ಅಂದ್ರೆ, ಬಂದ ಹಾಗೇ ಬಳಸಿದ್ರೆ ಎರಡು, ವಾಷರ್ರು ವಿಸಿಟಿಂಗ್ ಕಾರ್ಡು ಎಂ6 ಬೋಲ್ಟು ಎಲ್ಲ ಹಾಕಿದ ಮೇಲೆ ನಾಲ್ಕು. ಫೀಲರ್ ಗೇಜ್ ಹಿಡಿಯೋಕೆ ಬೇಜಾರು ಅನ್ನೋರು ತಗೋಬೇಡಿ, ರೀಪು ಸಿ ಕ್ಲ್ಯಾಂಪಲ್ಲೇ ಒಳ್ಳೆ ಕೆಲಸ ಆಗತ್ತೆ, ನಿಜ ಹೇಳ್ತಿದೀನಿ. ಟೇಬಲ್ ಸರಿಯಿಲ್ಲದೋರು ಮೊದಲು ಆ ದುಡ್ಡು ಟೇಬಲ್ಲಿಗೆ ಹಾಕಿ. ಕದ ದೀಪಾವಳಿಗೆ ನಿಂತ್ಕೊಂಡ್ತು, ಮೂಲೇಲಿ ಒಂದು ಜಾಯಿಂಟ್ ಬಿಟ್ಟು ಉಳಿದಿದ್ದೆಲ್ಲ ಕೂದಲು ತೂರಲ್ಲ, ಆ ಒಂದು ಜಾಯಿಂಟ್ ಇರೋ ಕಡೆ ಗಂಟೆ ಸಾಲು ನೇತುಹಾಕಿದೀನಿ. ಫೆನ್ಸಿನ ಅಳತೆಪಟ್ಟಿ ಮೊನ್ನೆ ಕಿತ್ತು ಬಿಸಾಕಿದೆ, ಅದರ ಗೋಂದು ಮಾತ್ರ ಇನ್ನೂ ಹೋಗಿಲ್ಲ, ಪಟ್ಟಿ ತಳ್ಳೋವಾಗ ಅಂಗೈಗೆ ಅಂಟತ್ತೆ, ಟರ್ಪೆಂಟೈನ್ ಹಾಕಿ ಉಜ್ಜಬೇಕು.