ಕೈಬರಹದ ಪತ್ರವೋ, ಟೈಪಾಗಿ ಸಹಿಬಿದ್ದ ಪತ್ರವೋ?

ಅಮೆರಿಕದ ಮಾಜಿ ಅಧ್ಯಕ್ಷರ ಪತ್ರ ಕೊಳ್ಳಹೊರಟವರಿಗೆ ಮೊದಲ ಗೊಂದಲ ಇದೇ. ಕೈಬರಹದ್ದು ದುಬಾರಿ, ಆದರೆ ಅಸಲಿಯೋ ನಕಲಿಯೋ ಎಂದು ತೂಗಿ ನೋಡಲು ಪುಟದ ತುಂಬ ಅಕ್ಷರಗಳಿರುತ್ತವೆ. ಟೈಪಾದದ್ದರಲ್ಲಿ ಸಹಿಯೊಂದೇ ಆಧಾರ. ಅದೂ ಕೆನಡಿಯದ್ದಾದರೆ ಜೋಕೆ: ಅವರ ಸಹಿಯನ್ನು ಕಾರ್ಯದರ್ಶಿಗಳೂ ಹಾಕಿದ್ದಾರೆ, ಸಹಿಯನ್ನು ಪ್ರತಿಸಲ ಒಂದೇ ಅಚ್ಚಿನಂತೆ ಬರೆಯುವ ಆಟೋಪೆನ್ ಯಂತ್ರವೂ ಹಾಕಿದೆ. ಎರಡು ಸಹಿಗಳ ಪ್ರತಿ ತೆಗೆದು, ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದರೆ ಯಂತ್ರದ ಮೇಲೇ ಅನುಮಾನ. ಮನುಷ್ಯನ ಕೈಗೆ ಅಷ್ಟು ಶಿಸ್ತೆಲ್ಲಿ?

ಥಿಯೋಡರ್ ರೂಸ್‌ವೆಲ್ಟ್ ಮಾತ್ರ ಬೇರೆ. ಟೈಪಾದ ಹಾಳೆಯ ಮೇಲೂ ಶಾಯಿಯಲ್ಲಿ ಪದ ಹೊಡೆದು, ಹೊಸದನ್ನು ಸೇರಿಸುತ್ತಿದ್ದರು. ಬಜೆಟ್ ಕಡಿಮೆಯಿದ್ದರೆ ನನ್ನ ಮತ ಅಂಥದ್ದಕ್ಕೇ.

1841ರಲ್ಲಿ ಅಧಿಕಾರಕ್ಕೇರಿದ ಒಂದೇ ತಿಂಗಳಿಗೆ ತೀರಿಕೊಂಡ ವಿಲಿಯಂ ಹೆನ್ರಿ ಹ್ಯಾರಿಸನ್ನರ ಆ ತಿಂಗಳ ಪತ್ರ ಬೇಕೇ? ಕನಸಿನಲ್ಲಿ ಕೊಳ್ಳಿ.