ಸಂಶೋಧನೆಗೆ ಐಸಿಜಿಇಬಿಯೋ, ಜಿಕೆವಿಕೆಯೋ?

ಆರೋಗ್ಯ ಮತ್ತು ಕೃಷಿಗೆ ನೇರವಾಗಿ ಒದಗುವ ಜೈವಿಕ ತಂತ್ರಜ್ಞಾನದಲ್ಲಿ ಪಿಎಚ್‌ಡಿ ಮಾಡಬಯಸುವವರು ದೆಹಲಿಯ ಐಸಿಜಿಇಬಿ (ಅಂತರರಾಷ್ಟ್ರೀಯ ತಳಿ ಎಂಜಿನಿಯರಿಂಗ್ ಮತ್ತು ಜೈವಿಕ ತಂತ್ರಜ್ಞಾನ ಕೇಂದ್ರ) ಹಾಗೂ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ (ಗಾಂಧಿ ಕೃಷಿ ವಿಜ್ಞಾನ ಕೇಂದ್ರ) ಆವರಣ ಎರಡನ್ನೂ ಪರಿಗಣಿಸಬೇಕು.

ಐಸಿಜಿಇಬಿ ಹಲವು ದೇಶಗಳು ಕೂಡಿ ನಡೆಸುವ ಸಂಸ್ಥೆಯಾಗಿದ್ದು, ಇಟಲಿಯ ಟ್ರಿಯೆಸ್ಟ್ ಮತ್ತು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲೂ ಅದರ ಪ್ರಯೋಗಾಲಯಗಳಿವೆ. ದೆಹಲಿಯಲ್ಲಿ ಮಲೇರಿಯಾ, ಕ್ಷಯ, ಡೆಂಗಿ ಕುರಿತ ಸಂಶೋಧನೆಯೂ ಬರ ಮತ್ತು ಚೌಳು ತಾಳುವ ಬೆಳೆಗಳ ವಂಶವಾಹಿ ಅಧ್ಯಯನವೂ ಒಂದೇ ಸೂರಿನಡಿ ನಡೆಯುತ್ತವೆ. ರೋಗಾಣುಗಳ ಮೇಲೆ ಕೆಲಸ ಮಾಡುವ ಆಸೆಯಿದ್ದರೆ ಇದೇ ಸರಿಯಾದ ಜಾಗ.

ಜಿಕೆವಿಕೆಯ ಬಲ ಹೊಲದಲ್ಲಿದೆ. 2007ರಲ್ಲಿ ಇಲ್ಲಿಂದ ಬಿಡುಗಡೆಯಾದ ಎಂಎಎಸ್ 946-1 ಎಂಬ ಏರೋಬಿಕ್ ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಿಸಬೇಕಿಲ್ಲ. ಇಂಥ ತಳಿ ಅಭಿವೃದ್ಧಿಯಲ್ಲಿ ಸಸಿಯ ಎಲೆಯ ಚೂರಿನಿಂದ ಡಿಎನ್‌ಎ ತೆಗೆದು, ಬೇಕಾದ ಗುಣದ ಗುರುತು ಇರುವ ಗಿಡಗಳನ್ನು ಮಾತ್ರ ಉಳಿಸಿಕೊಂಡು, ಅವನ್ನು ಹಂಗಾಮಿನಿಂದ ಹಂಗಾಮಿಗೆ ಬೆಳೆಸಿ ಪರೀಕ್ಷಿಸುತ್ತಾರೆ. ಇದಕ್ಕೆ ತಾಳ್ಮೆ ಬೇಕು, ಆದರೆ ಫಲ ರೈತನ ಕೈ ಸೇರುತ್ತದೆ. ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಮತ್ತು ಸಿ-ಕ್ಯಾಂಪ್ (ಜೀವವಿಜ್ಞಾನ ಸಂಶೋಧನೆಗೆ ತಾಂತ್ರಿಕ ಸೌಲಭ್ಯ ಒದಗಿಸುವ ಕೇಂದ್ರ) ಇದೇ ಆವರಣದಲ್ಲಿರುವುದರಿಂದ ಜೀವವಿಜ್ಞಾನದ ಸಹಯೋಗಕ್ಕೂ ದೂರ ಹೋಗಬೇಕಿಲ್ಲ.

ಬೆಳೆಯೇ ನಿಮ್ಮ ವಿಷಯವಾಗಿದ್ದರೆ ನಾನು ನಿಸ್ಸಂಕೋಚವಾಗಿ ಜಿಕೆವಿಕೆಯನ್ನೇ ಸೂಚಿಸುತ್ತೇನೆ. ಎಲ್ಲಿಗೆ ಅರ್ಜಿ ಹಾಕಿದರೂ, ಮಾರ್ಗದರ್ಶಕರಾಗುವವರ ಸಹಯೋಗ ಯೋಜನೆಗೆ ಇನ್ನೆಷ್ಟು ವರ್ಷದ ಅನುದಾನ ಉಳಿದಿದೆ ಎಂಬುದನ್ನು ಮೊದಲೇ ಕೇಳಿಕೊಳ್ಳಿ.