ಬೆಕ್ಕಿನ ನೀರಿನ ಕಾರಂಜಿ: ಮೂರು ವರ್ಷ, ಎರಡು ಮನೆ, ಎರಡು ಬಗೆಯ ನೀರು

ಬೆಕ್ಕುಗಳಿಗೆಂದು ಮಾರುವ, ನೀರನ್ನು ಸದಾ ಹರಿಸುತ್ತಿರುವ ಪುಟ್ಟ ಕಾರಂಜಿಯೊಂದನ್ನು ನಾನು 2022ರ ಆಗಸ್ಟ್‌ನಲ್ಲಿ 2,350 ರೂಪಾಯಿ ಕೊಟ್ಟು ಕೊಂಡೆ. ಎರಡೂವರೆ ಲೀಟರ್ ಹಿಡಿಯುವ ಪ್ಲಾಸ್ಟಿಕ್ ತೊಟ್ಟಿ, ಅದರ ಮೇಲೊಂದು ಸ್ಟೀಲಿನ ತಟ್ಟೆ, ಮೊಬೈಲ್ ಚಾರ್ಜರಿನಿಂದಲೇ ಓಡುವ 5 ವೋಲ್ಟಿನ ಪಂಪು, ಸ್ಪಂಜು ಮತ್ತು ಇದ್ದಿಲಿನ ಒಂದು ಫಿಲ್ಟರ್, ಇಷ್ಟೇ ಅದರ ಸಾಮಗ್ರಿ. ಇದೇ ವಸ್ತು ನಾಲ್ಕಾರು ಹೆಸರುಗಳಲ್ಲಿ ಮಾರಾಟವಾಗುತ್ತಿರುವುದರಿಂದ ಬ್ರ್ಯಾಂಡಿನ ಹೆಸರು ಹೇಳಿ ಪ್ರಯೋಜನವಿಲ್ಲ. ಮೊದಲ ಹದಿನೆಂಟು ತಿಂಗಳು ಅದು ಬೆಂಗಳೂರಿನ ಜಯನಗರದ ಕಡೆಯ ಬಾಡಿಗೆ ಮನೆಯಲ್ಲಿ ಕಾವೇರಿ ನೀರಿನಲ್ಲಿ ಓಡಿತು. 2024ರ ಫೆಬ್ರವರಿಯಿಂದ ಊರಂಚಿನ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಪಾಲಾಯಿತು. ಮೊದಲ ವರ್ಷದ ಕೊನೆಗೇ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಟ್ಟಿರುತ್ತಿದ್ದೆ, ಮತ್ತು ಅದು ತಪ್ಪಾಗಿರುತ್ತಿತ್ತು.

ಕೊಂಡದ್ದು ಷೋಕಿಗಲ್ಲ. ನಮ್ಮ ಗಂಡು ಬೆಕ್ಕು ಕೆಂಚ ನಾಲ್ಕನೆಯ ವಯಸ್ಸಿನಲ್ಲಿ ಒಂದು ದಿನ ಲಿಟರ್ ತಟ್ಟೆಯಲ್ಲಿ, ಅಂದರೆ ಬೆಕ್ಕಿನ ಮಲಮೂತ್ರಕ್ಕೆಂದು ಇಟ್ಟ ತಟ್ಟೆಯಲ್ಲಿ, ಕುಳಿತು ಏಳುವುದು, ಮತ್ತೆ ಕುಳಿತು ಮುಲುಕುವುದು ಮಾಡತೊಡಗಿತು. ಮಲಬದ್ಧತೆಯಿರಬಹುದೆಂದು ನಾವು ಅರ್ಧ ದಿನ ಕಳೆದೆವು. ಪಶುವೈದ್ಯರು ಹೊಟ್ಟೆ ಮುಟ್ಟಿ ನೋಡಿ, ಮೂತ್ರನಾಳ ಕಟ್ಟಿಕೊಂಡಿದೆ, ಇದು ಗಂಡು ಬೆಕ್ಕುಗಳಲ್ಲಿ ಒಂದೆರಡು ದಿನದಲ್ಲಿ ಜೀವಕ್ಕೇ ಎರವಾಗಬಹುದಾದ ತುರ್ತು ಸ್ಥಿತಿ ಎಂದು ಹೇಳಿ ಕೂಡಲೇ ನಳಿಕೆ ಹಾಕಿದರು. ಮನೆಗೆ ಕಳಿಸುವಾಗ ಅವರು ಒತ್ತಿ ಹೇಳಿದ ಮಾತು ಒಂದೇ: ಹೇಗಾದರೂ ಮಾಡಿ ಇದರ ದೇಹಕ್ಕೆ ಹೆಚ್ಚು ನೀರು ಹೋಗುವಂತೆ ನೋಡಿಕೊಳ್ಳಿ. ಸಾಕುಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ಬೇಟೆಯ ಮಾಂಸದಲ್ಲಿರುವ ನೀರಿನಲ್ಲೇ ಬಹುಪಾಲು ಬದುಕಿ, ಮೂತ್ರವನ್ನು ಗಟ್ಟಿಯಾಗಿಸಿಕೊಂಡು ನೀರುಳಿಸುವ ಪ್ರಾಣಿ ಅದು. ಅದರ ವಂಶಜನಿಗೆ ನಾವು ನೂರಕ್ಕೆ ಹತ್ತು ಪಾಲೂ ತೇವವಿಲ್ಲದ ಒಣ ಆಹಾರ ಹಾಕಿ, ಬಾಯಾರಿದರೆ ತಾನೇ ಕುಡಿಯುತ್ತದೆ ಎಂದು ಸುಮ್ಮನಿರುತ್ತೇವೆ.

ಕಾರಂಜಿಯ ಮೊದಲ ಗುಣ ನನಗೆ ಅರ್ಥವಾದದ್ದು ಬೆಕ್ಕು ನೀರು ಕುಡಿಯುವ ರೀತಿಯನ್ನು ಗಮನಿಸಿದ ಮೇಲೆ. 2010ರಲ್ಲಿ ಅಮೆರಿಕದ ಎಂಐಟಿ ಮೊದಲಾದೆಡೆಯ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾದಿಂದ ಚಿತ್ರಿಸಿ ತೋರಿಸಿದಂತೆ, ಬೆಕ್ಕು ನಾಯಿಯ ಹಾಗೆ ನಾಲಿಗೆಯನ್ನು ನೀರಿನೊಳಗೆ ಮುಳುಗಿಸುವುದಿಲ್ಲ. ಹಿಂದಕ್ಕೆ ಮಡಿಸಿದ ನಾಲಿಗೆಯ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ಸರ್ರನೆ ಮೇಲೆತ್ತುತ್ತದೆ, ಅದರ ಬೆನ್ನಿಗೆ ಏಳುವ ನೀರಿನ ಸಣ್ಣ ಕಂಬವನ್ನು ಬಾಯಿ ಮುಚ್ಚಿ ಹಿಡಿಯುತ್ತದೆ, ಮತ್ತು ಸೆಕೆಂಡಿಗೆ ಸುಮಾರು ನಾಲ್ಕು ಬಾರಿ ಹೀಗೆ ಮಾಡುತ್ತದೆ. ಅಂದರೆ ಬಟ್ಟಲಿನ ತಳದ ನೀರು ಎಷ್ಟೇ ತಿಳಿಯಾಗಿದ್ದರೂ ಬೆಕ್ಕಿಗೆ ಸಿಗುವುದು ಮೇಲ್ಪದರ ಮಾತ್ರ, ಮತ್ತು ನಮ್ಮ ಮನೆಗಳಲ್ಲಿ ಧೂಳು, ಕೂದಲು, ಒಗ್ಗರಣೆಯ ಹೊಗೆಯ ಎಣ್ಣೆಪಸೆ, ಮೀನಿನ ಆಹಾರ ತಿಂದ ಮೂತಿಯ ಜಿಡ್ಡು ಇವೆಲ್ಲ ತೇಲುವುದು ಆ ಪದರದಲ್ಲೇ. ನಿಂತ ನೀರಿನ ಬಟ್ಟಲನ್ನು ಸಂಜೆಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಈ ಪೊರೆ ಕಾಮನಬಿಲ್ಲಿನಂತೆ ಮಿನುಗುವುದು ಕಾಣುತ್ತದೆ. ಕಾರಂಜಿಯಲ್ಲಿ ನೀರು ತಟ್ಟೆಯ ಮೇಲೆ ಹರಿದು ಸ್ಪಂಜಿನ ಮೂಲಕ ಕೆಳಗಿಳಿಯುವುದರಿಂದ ಮೇಲ್ಪದರ ನಿಲ್ಲಲು ಅವಕಾಶವಿಲ್ಲ. ಕೂದಲು ಮತ್ತು ಕಸ ಸ್ಪಂಜಿನಲ್ಲಿ ಉಳಿಯುತ್ತವೆ. ಮೂರು ವರ್ಷವೂ ಈ ಕೆಲಸವನ್ನು ಯಂತ್ರ ಚೆನ್ನಾಗಿ ಮಾಡಿದೆ.

ಆದರೆ ಹರಿಯುವ ನೀರೆಲ್ಲ ಶುದ್ಧವೆಂಬ ನಮ್ಮ ಹಳೆಯ ನಂಬಿಕೆಯನ್ನು ಈ ತೊಟ್ಟಿಗೆ ಅನ್ವಯಿಸಬಾರದು. ಹೊಳೆಯಲ್ಲಿ ಹರಿದುಹೋದ ನೀರು ಮರಳಿ ಬರುವುದಿಲ್ಲ; ಇಲ್ಲಿ ಅದೇ ಎರಡೂವರೆ ಲೀಟರ್ ದಿನಕ್ಕೆ ನೂರಾರು ಬಾರಿ ಸುತ್ತುತ್ತದೆ, ಪ್ರತಿ ಸುತ್ತಿನಲ್ಲೂ ಬೆಕ್ಕಿನ ಜೊಲ್ಲನ್ನು ಒಳಗೊಯ್ಯುತ್ತದೆ. ಫಿಲ್ಟರ್ ನಾಲ್ಕು ವಾರ ಬಾಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದನ್ನು, ನಾಲ್ಕು ವಾರ ತೊಳೆಯಬೇಕಿಲ್ಲ ಎಂದು ಓದಿಕೊಂಡವಳು ನಾನು. ಹತ್ತನೆಯ ದಿನ ತೊಟ್ಟಿಯ ಒಳಗೋಡೆಯನ್ನು ಬೆರಳಿನಿಂದ ಸವರಿದಾಗ ಲೋಳೆ ಅಂಟಿತು. ಪಂಪಿನ ಕೆಳಗೆ ಗುಲಾಬಿ ಬಣ್ಣದ ಒಂದು ಗೆರೆಯೂ ಇತ್ತು. ಬಚ್ಚಲಿನ ಮೂಲೆಗಳಲ್ಲಿ ಕಾಣುವ ಈ ಗುಲಾಬಿ ಲೋಳೆ ಹಲವು ವೇಳೆ ಸೆರ್ರೇಷಿಯಾ ಎಂಬ ಬ್ಯಾಕ್ಟೀರಿಯಾದ ಕೆಲಸ. ಲೋಳೆಯೆಂದರೆ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಕಟ್ಟಿಕೊಂಡ ಅಂಟಿನ ಮನೆ. ನೀರು ಬದಲಿಸಿದರೆ ಅದು ಹೋಗುವುದಿಲ್ಲ, ಉಜ್ಜಿದರೆ ಮಾತ್ರ ಹೋಗುತ್ತದೆ.

ಇದ್ದಿಲಿನ ಫಿಲ್ಟರಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕಂಪನಿಗಳು ನಿರಂತರವಾಗಿ ಹಣ ಪಡೆಯುವುದು ಅದರಿಂದಲೇ. ಅದು ನೀರಿನಲ್ಲಿರುವ ಕ್ಲೋರಿನ್ನನ್ನೂ ಕೆಲವು ವಾಸನೆಗಳನ್ನೂ ಹೀರುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುವ ಕಾವೇರಿ ನೀರಿಗೆ ಕೆಲವು ದಿನ ಕ್ಲೋರಿನ್ ವಾಸನೆ ಮೂಗಿಗೆ ಬಡಿಯುವಷ್ಟಿರುತ್ತದೆ. ಅಂಥ ದಿನ ನಮ್ಮ ಹೆಣ್ಣು ಬೆಕ್ಕು ಚುಕ್ಕಿ ಬಟ್ಟಲನ್ನು ಮೂಸಿ ಹೊರಟುಹೋಗುತ್ತಿತ್ತು, ಕಾರಂಜಿಯಲ್ಲಿ ಕುಡಿಯುತ್ತಿತ್ತು. ಇದು ಲಾಭವೇ. ಆದರೆ ಕ್ಲೋರಿನ್ ಇರುವುದೇ ನೀರು ನಲ್ಲಿ ತಲುಪುವವರೆಗೆ ರೋಗಾಣು ಬೆಳೆಯದಿರಲಿ ಎಂದು. ಅದನ್ನು ತೆಗೆದ ಮೇಲೆ ತೊಟ್ಟಿಯ ನೀರಿಗೆ ಕಾವಲಿರುವುದಿಲ್ಲ, ಮತ್ತು ತೇವವಾದ ಇದ್ದಿಲ ಹರಳುಗಳೇ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ನೆಲೆಯಾಗುತ್ತವೆ. ಈ ಫಿಲ್ಟರ್ ರೋಗಾಣುಗಳನ್ನು ಕೊಲ್ಲುವುದಿಲ್ಲ, ಕರಗಿದ ಲವಣಗಳನ್ನು ತೆಗೆಯುವುದಿಲ್ಲ. ಕ್ಲೋರಿನ್ ವಾಸನೆಯೊಂದೇ ತೊಂದರೆಯಾಗಿದ್ದರೆ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯಿಡೀ ಬಟ್ಟೆ ಮುಚ್ಚಿಟ್ಟರೂ ಬಹಳಷ್ಟು ಹೋಗುತ್ತದೆ. ಹದಿನೆಂಟು ತಿಂಗಳು, ತಿಂಗಳಿಗೆ 130 ರೂಪಾಯಿಯಂತೆ, ಫಿಲ್ಟರಿಗೆ ಕೊಟ್ಟ 2,340 ರೂಪಾಯಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಂಡವೆಂದೇ ನನ್ನ ಎಣಿಕೆ. ಮನೆ ಬದಲಿಸಿದಾಗ ಅದನ್ನು ನಿಲ್ಲಿಸಿ ಸ್ಪಂಜನ್ನು ಮಾತ್ರ ಉಳಿಸಿಕೊಂಡೆ.

ಕಾರಂಜಿಯಿಂದ ಬೆಕ್ಕುಗಳು ನಿಜಕ್ಕೂ ಹೆಚ್ಚು ಕುಡಿದವೇ? ಮೊದಲ ತಿಂಗಳು ಅಳತೆಯ ಜಾಡಿ ಹಿಡಿದು ಲೆಕ್ಕ ಬರೆದೆ, ದಿನಕ್ಕೆ 400 ಮಿಲಿ ಖಾಲಿಯಾಗುತ್ತಿದ್ದದ್ದನ್ನು ಕಂಡು ಹಿಗ್ಗಿದೆ. ಆಮೇಲೆ ಒಂದು ದಿನ ಬೆಕ್ಕುಗಳನ್ನು ಆ ಕೋಣೆಗೆ ಬಿಡದೆ ಅಳೆದಾಗ, ಫ್ಯಾನಿನ ಗಾಳಿಗೆ 150 ಮಿಲಿ ಸುಮ್ಮನೆ ಆವಿಯಾಗಿತ್ತು. ಬೆಕ್ಕಿಗೆ ಆಹಾರದ ತೇವವೂ ಸೇರಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 40ರಿಂದ 60 ಮಿಲಿ ನೀರು ಬೇಕು. ಐದು ಕಿಲೋ ತೂಗುವ ಕೆಂಚನಿಗೆ 200ರಿಂದ 300 ಮಿಲಿ. ನಡೆದಿರುವ ಕೆಲವು ಸಣ್ಣ ಅಧ್ಯಯನಗಳೂ ಸರಾಸರಿಯಲ್ಲಿ ಬಟ್ಟಲಿಗೂ ಕಾರಂಜಿಗೂ ದೊಡ್ಡ ಅಂತರವನ್ನು ಕಂಡಿಲ್ಲ, ಒಂದೊಂದು ಬೆಕ್ಕಿಗೆ ಒಂದೊಂದರ ಮೇಲೆ ಒಲವು ಎಂಬುದನ್ನಷ್ಟೇ ಕಂಡಿವೆ. ನಮ್ಮಲ್ಲೂ ಹಾಗೆಯೇ. ಚುಕ್ಕಿಗೆ ಕಾರಂಜಿಯೇ ಬೇಕು. ಕೆಂಚ ಅರ್ಧ ಸಲ ಪಕ್ಕದ ಸ್ಟೀಲ್ ಬೋಗುಣಿಗೇ ಹೋಗುತ್ತದೆ. ಕೆಂಚನ ಲಿಟರಿನಲ್ಲಿ ಮೂತ್ರದ ಉಂಡೆಗಳು ನಿಚ್ಚಳವಾಗಿ ದೊಡ್ಡದಾದದ್ದು ಕಾರಂಜಿ ಬಂದಾಗಲ್ಲ, ವೈದ್ಯರ ಸಲಹೆಯಂತೆ ಒಣ ಆಹಾರದಿಂದ ತೇವ ಹೆಚ್ಚಿರುವ ಆಹಾರಕ್ಕೆ ಬದಲಿಸಿ ಪ್ರತಿ ಊಟಕ್ಕೂ ಎರಡು ಚಮಚ ಬೆಚ್ಚನೆಯ ನೀರು ಬೆರೆಸಲು ತೊಡಗಿದ ಮೇಲೆ. ಮೂತ್ರದ ತೊಂದರೆಯೊಂದಕ್ಕೇ ಇದನ್ನು ಕೊಳ್ಳುವವರು ಮೊದಲು ಇದನ್ನು ಮಾಡಿ ನೋಡುವುದು ಒಳ್ಳೆಯದು.

ಇನ್ನು ಎರಡನೆಯ ಮನೆ. 2024ರ ಬೇಸಿಗೆಯ ಬೆಂಗಳೂರಿನ ನೀರಿನ ಬವಣೆ ಎಲ್ಲರಿಗೂ ನೆನಪಿರಬಹುದು. ನಮ್ಮ ಅಪಾರ್ಟ್‌ಮೆಂಟಿನ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಬತ್ತಿ, ಯಾವ ಊರಿನ ನೀರೆಂದು ತಿಳಿಯದ ಟ್ಯಾಂಕರುಗಳು ನೆಲದಡಿಯ ನೀರಿನ ಸಂಪ್‌ಗೆ ಸುರಿಯುತ್ತಿದ್ದವು. ಮನೆಗೆಲಸಕ್ಕೆ ಬರುವಾಕೆ ಕಾರಂಜಿಯನ್ನು ನೋಡಿ, "ನಮ್ಮ ಬೀದೀಲಿ ಬೋರೇ ಒಣಗೈತೆ, ನಿಮ್ ಬೆಕ್ಕಿಗೆ ಮೋಟ್ರಾ ಅಕ್ಕಾ?" ಎಂದು ನಕ್ಕಳು; ನನ್ನಲ್ಲಿ ಉತ್ತರವಿರಲಿಲ್ಲ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಹಳೆಯ ಮನೆಯಲ್ಲಿ 180 ತೋರಿಸುತ್ತಿತ್ತು, ಇಲ್ಲಿ 940 ತೋರಿಸಿತು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದಾಗ ಗಡಸುತನ, ಅಂದರೆ ಸುಣ್ಣ ಕಟ್ಟಿಸುವ ಲವಣಗಳ ಪ್ರಮಾಣ, ಲೀಟರಿಗೆ 520 ಮಿಲಿಗ್ರಾಂ ಎಂದು ಬಂತು. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಕುಡಿಯುವ ನೀರಿನ ಗಡಸುತನಕ್ಕೆ ಇಟ್ಟಿರುವ ಮಿತಿ 200, ಬೇರೆ ಮೂಲವೇ ಇಲ್ಲದಿದ್ದರೆ 600.

ಏಳನೆಯ ವಾರ ಪಂಪು ನಿಂತಿತು. ಬಿಚ್ಚಿ ನೋಡಿದರೆ ರೆಕ್ಕೆಯ ಚಕ್ರದ ಸುತ್ತ, ನೀರು ಕಾಯಿಸುವ ಕಾಯಿಲ್ ಮೇಲೆ ಕಟ್ಟುವಂಥದೇ ಬಿಳಿಯ ಸುಣ್ಣದ ಪೊರೆ, ಅದಕ್ಕೆ ಸುತ್ತಿಕೊಂಡ ಕೆಂಚನ ಕೂದಲು. ಹೊಸ ಪಂಪಿಗೆ 480 ರೂಪಾಯಿ ತೆತ್ತ ಮೇಲೆ ಹಳೆಯದನ್ನು ಎಸೆಯುವ ಮುನ್ನ, ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲವನ್ನು, ಅರ್ಧ ಲೀಟರ್ ಉಗುರುಬೆಚ್ಚನೆಯ ನೀರಿಗೆ ಒಂದು ಟೀಚಮಚದಂತೆ ಕರಗಿಸಿ ಅರ್ಧ ಗಂಟೆ ನೆನೆಸಿದೆ. ಸುಣ್ಣ ನೊರೆಯಾಗಿ ಬಿಟ್ಟುಹೋಗಿ ಪಂಪು ಮತ್ತೆ ಓಡಿತು! ಈ ಸರಳ ವಿಷಯ ಕೈಪಿಡಿಯಲ್ಲಿ ಇರಲಿಲ್ಲ. ರೆಕ್ಕೆಯ ಮೇಲಿನ ಮುಚ್ಚಳವನ್ನು ಉಗುರಿನಿಂದ ಎತ್ತಿ ತೆಗೆಯಬಹುದೆಂಬುದನ್ನೂ ನಾನೇ ಕಂಡುಕೊಳ್ಳಬೇಕಾಯಿತು.

ಆಮೇಲೆ ಕಾರಂಜಿಗೆ ಆರ್‌ಒ ನೀರನ್ನೇ ಹಾಕುತ್ತಿದ್ದೇನೆ. ಬೆಕ್ಕಿಗೆ ಬೇಕಾದ ಖನಿಜಗಳು ಅದರ ಸಮತೋಲಿತ ಆಹಾರದಲ್ಲೇ ಇರುವುದರಿಂದ ಇದರಿಂದ ಹಾನಿಯಿಲ್ಲವೆಂದು ವೈದ್ಯರು ಹೇಳಿದರು; ಸುಣ್ಣ ಕಟ್ಟುವುದು ನಿಂತೇಹೋಯಿತು. ವಿಚಿತ್ರವೆಂದರೆ, ಕಾವೇರಿ ನೀರಿನಲ್ಲಿ ಐದನೆಯ ದಿನ ಕಾಣುತ್ತಿದ್ದ ಲೋಳೆ ಇಲ್ಲಿ ಮೂರನೆಯ ದಿನಕ್ಕೇ ಬರುತ್ತದೆ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ ಎಂಬುದನ್ನು ನೆನೆದರೆ ವಿಚಿತ್ರವೇನೂ ಅಲ್ಲ. ಟಿಡಿಎಸ್ ಮೀಟರಿನಲ್ಲಿ 45 ತೋರಿಸುವ ನೀರನ್ನು ಶುದ್ಧವೆಂದು ನೆಚ್ಚಿಕೊಳ್ಳುವವರಿಗೆ ಹೇಳುತ್ತೇನೆ: ಆ ಮೀಟರು ಲವಣವನ್ನು ಅಳೆಯುತ್ತದೆ, ಲೋಳೆಯನ್ನಲ್ಲ.

ಪ್ಲಾಸ್ಟಿಕ್ ತೊಟ್ಟಿಯ ಬಗ್ಗೆ ನನ್ನ ತಕರಾರು ದಿನದಿಂದ ದಿನಕ್ಕೆ ಬೆಳೆದಿದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಸ್ಟೀಲ್ ಎಂದಿದ್ದರೂ ಸ್ಟೀಲಾಗಿರುವುದು ಮೇಲಿನ ತಟ್ಟೆ ಮಾತ್ರ. ಮೂರು ವರ್ಷ ಉಜ್ಜಿದ ತೊಟ್ಟಿಯ ಒಳಮೈಯಲ್ಲಿ ಎಣಿಸಲಾರದಷ್ಟು ಗೀರುಗಳಿವೆ, ಲೋಳೆ ಮೊದಲು ಕೂರುವುದು ಅವುಗಳಲ್ಲೇ. ಮೂಲೆಗಳು ಚೌಕವಾಗಿರುವುದರಿಂದ ಹಳೆಯ ಹಲ್ಲುಜ್ಜುವ ಬ್ರಷ್ಷಿಲ್ಲದೆ ಶುಚಿಯಾಗುವುದಿಲ್ಲ.

ಮನೆಯೊಳಗಿನ ಅಪಾಯಗಳಲ್ಲಿ ನಮ್ಮನ್ನು ಹೆಚ್ಚು ಹೆದರಿಸಿದ್ದು ಫಿನಾಯಿಲ್. ಫಿನಾಲ್ ಬಗೆಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಹೊರಹಾಕಲಾರದು, ಅವು ಬೆಕ್ಕಿಗೆ ವಿಷ. ನೆಲ ಒರೆಸುವ ಬಟ್ಟೆಯಿಂದ ತಟ್ಟೆಗೆ ಸಿಡಿದ ಹನಿಗಳಿರಲಿ, ಒದ್ದೆ ನೆಲ ತುಳಿದು ಪಾದ ನೆಕ್ಕಿಕೊಂಡರೂ ಸಾಕು. ಈಗ ನೆಲಕ್ಕೆ ಬರಿಯ ಸೋಪಿನ ನೀರು, ಒರೆಸುವಾಗ ಕಾರಂಜಿ ಮೇಜಿನ ಮೇಲೆ. ಲಿಲ್ಲಿ ಹೂವಿನ ಹೂದಾನಿಯ ನೀರೂ ಬೆಕ್ಕಿನ ಮೂತ್ರಪಿಂಡವನ್ನು ಹಾಳುಮಾಡಬಲ್ಲದೆಂದು ತಿಳಿದ ದಿನದಿಂದ ಆ ಹೂವು ನಮ್ಮ ಮನೆಗೆ ಬರುವುದಿಲ್ಲ. ಊರಿಗೆ ಹೋಗುವಾಗ ಕಾರಂಜಿಯನ್ನು ಓಡಲು ಬಿಡುವುದೂ ತಪ್ಪು: ನೀರು ತಗ್ಗಿದರೆ ಪಂಪು ಒಣಗಿ ಸುಡುತ್ತದೆ, ಆರಿಸಿ ನೀರು ಹಾಗೇ ಬಿಟ್ಟರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ವಾರದಲ್ಲಿ ತೊಟ್ಟಿಲಾಗುತ್ತದೆ. ಖಾಲಿ ಮಾಡಿ ಒಣಗಿಸಿ, ನೋಡಿಕೊಳ್ಳುವವರಿಗೆ ಎರಡು ಬೋಗುಣಿ ತೋರಿಸಿ ಹೋಗುತ್ತೇವೆ. ಕರೆಂಟು ಹೋದಾಗ ತಟ್ಟೆಯ ಮೇಲೆ ನೀರು ನಿಲ್ಲುವುದಿಲ್ಲ ಎಂಬ ಕಾರಣಕ್ಕೂ ಪಕ್ಕದಲ್ಲಿ ಒಂದು ಬೋಗುಣಿ ಇರಲೇಬೇಕು.

ಈಗಿನ ಪರಿಪಾಠ ಹೀಗಿದೆ: ಬೋಗುಣಿಯನ್ನು ದಿನವೂ, ಕಾರಂಜಿಯನ್ನು ಮೂರು ದಿನಕ್ಕೊಮ್ಮೆ ವಾಸನೆಯಿಲ್ಲದ ಪಾತ್ರೆ ಸೋಪಿನಿಂದ ಉಜ್ಜಿ, ಸೋಪು ಪೂರ್ತಿ ಹೋಗುವಂತೆ ತೊಳೆಯುವುದು, ಪಂಪನ್ನು ಎರಡು ವಾರಕ್ಕೊಮ್ಮೆ ಬಿಚ್ಚುವುದು. ಒಂದು ಸಲಕ್ಕೆ ಹನ್ನೆರಡು ನಿಮಿಷ ಬೇಕು. ಮೂರು ವರ್ಷದ ಒಟ್ಟು ಖರ್ಚು, ಸ್ಪಂಜುಗಳ 200 ರೂಪಾಯಿಯೂ ಸೇರಿ, 5,370. ಕೈಪಿಡಿಗೆ ಐದರಲ್ಲಿ ಒಂದು, ಇದ್ದಿಲಿನ ಫಿಲ್ಟರಿಗೆ ಒಂದೂವರೆ, ಪಂಪಿಗೆ ನಾಲ್ಕು, ಒಟ್ಟಾರೆ ಯಂತ್ರಕ್ಕೆ ಮೂರು ಅಂಕ. ಎರಡು ದಿನಕ್ಕೊಮ್ಮೆ ಬಟ್ಟಲು ತೊಳೆಯಲೂ ಬೇಸರಪಡುವವರು ಇದನ್ನು ಕೊಳ್ಳಬಾರದು, ಏಕೆಂದರೆ ಇದರಲ್ಲಿ ತೊಳೆಯಬೇಕಾದ ಭಾಗಗಳು ಏಳು. ಈಗಿನ ಪಂಪು ಕೈಕೊಟ್ಟರೆ ಪಂಪನ್ನಷ್ಟೇ ತರಿಸುತ್ತೇನೆ. ತೊಟ್ಟಿ ಬಿರುಕು ಬಿಟ್ಟರೆ, ಚುಕ್ಕಿಯ ಸಲುವಾಗಿ, ಒಳಗೂ ಹೊರಗೂ ಸ್ಟೀಲಾಗಿರುವ, ಮೂಲೆಗಳು ದುಂಡಗಿರುವ ಒಂದನ್ನು ಹುಡುಕುತ್ತೇನೆ.